ಮುದಿ ಲಾರಿಯ ನಾಡಿಪರೀಕ್ಷೆ

ಕನ್ನಡ ವ್ಯಾಕರಣದಲ್ಲಿ ಅನುಕರಣಾವ್ಯಯವೆಂಬ ಒಂದು ಪುಟ್ಟ ಪಾಠವಿದೆ. ಗಳಗಳ, ದಡದಡ, ಚಟಚಟ, ಪಟಪಟ—ಲೋಕದ ಸದ್ದುಗಳನ್ನು ಕಿವಿಗೆ ಕೇಳಿದಂತೆಯೇ ನಾಲಗೆಯ ಮೇಲೆ ತಂದಿಡುವ ಮಾತುಗಳಿವು. ವರ್ಷಕ್ಕೊಮ್ಮೆ ತರಗತಿಯಲ್ಲಿ ಈ ಪಾಠ ಬಂದಾಗ ಹತ್ತು ನಿಮಿಷದಲ್ಲಿ ಮುಗಿಸಿ ಮುಂದಕ್ಕೆ ಹೋಗುವುದು ನನ್ನ ರೂಢಿ. ಪರೀಕ್ಷೆಯಲ್ಲಿ ಇದಕ್ಕೆ ದೊರೆಯುವುದು ಎರಡೇ ಅಂಕ. ಆದರೆ ಇದೇ ಅನುಕರಣಾವ್ಯಯವನ್ನು ನಂಬಿ ಹೊಟ್ಟೆ ಹೊರೆಯುವ ಜನರುಂಟು. 'ಟಿಕಟಿಕ'ಕ್ಕೂ 'ಕಟಕಟ'ಕ್ಕೂ ಇರುವ ಅಂತರವನ್ನು ಸರಿಯಾಗಿ ಅರಿಯದಿದ್ದರೆ ಒಂದು ಸಂಸಾರದ ವರ್ಷದ ಗಳಿಕೆಯೇ ಮಣ್ಣುಪಾಲಾಗುವ ಒಂದು ವಿದ್ಯೆ ಉಂಟು. ಈ ಸಂಗತಿಯನ್ನು ನಾನು ಕಲಿತದ್ದು ಯಾವ ಗ್ರಂಥದಿಂದಲೂ ಅಲ್ಲ. ಗಂಗಾವತಿಯಲ್ಲಿ ಒಂದು ಮುದಿ ಲಾರಿಯ ಪಕ್ಕದಲ್ಲಿ ನಿಂತು.

ಸುಗ್ಗಿಯ ಹೊತ್ತಿಗೆ ಬಂದ ಸದ್ದು

ಅದು 2024ರ ಡಿಸೆಂಬರ್ ತಿಂಗಳು. ಗಂಗಾವತಿಯ ಸೀಮೆಯಲ್ಲಿ ಭತ್ತದ ಸುಗ್ಗಿ. ಮುನಿರಾಬಾದಿನ ಬಳಿ ತುಂಗಭದ್ರೆಗೆ ಕಟ್ಟಿದ ಅಣೆಕಟ್ಟಿನಲ್ಲಿ 1953ರಲ್ಲಿ ನೀರು ನಿಂತಂದಿನಿಂದ ಈ ನೆಲದ ಹಣೆಯ ಬರಹವೇ ಬದಲಾಯಿತು. ಜೋಳ ಬೆಳೆಯುತ್ತಿದ್ದ ಹೊಲಗಳು ಗದ್ದೆಗಳಾದವು. ಊರ ಸುತ್ತ ಅಕ್ಕಿಯ ಗಿರಣಿಗಳು ಎದ್ದವು. ಗಂಗಾವತಿಗೆ ಭತ್ತದ ಕಣಜವೆಂಬ ಹೆಸರು ಬಂದಿತು. ಕಣಜವೆಂದ ಮೇಲೆ ತುಂಬುವವರು ಬೇಕು, ತೆಗೆಯುವವರು ಬೇಕು. ಆ ಕೆಲಸ ಲಾರಿಗಳದು.

ಆ ವರ್ಷದ ಸುಗ್ಗಿ ಸುಮ್ಮನೆ ಬಂದ ಸುಗ್ಗಿಯಲ್ಲ. ಆಗಸ್ಟ್ 10ರ ರಾತ್ರಿ ಅಣೆಕಟ್ಟಿನ 19ನೆಯ ಗೇಟಿನ ಸರಪಳಿ ತುಂಡಾಗಿ, ಗೇಟು ಹೊಳೆಯ ಪಾಲಾಗಿತ್ತು. ತುಂಬಿನಿಂತಿದ್ದ ನೀರು ಕಣ್ಣೆದುರಿಗೇ ಹರಿದುಹೋಗುವುದನ್ನು ಕಂಡು ನಾಲ್ಕು ಜಿಲ್ಲೆಗಳ ರೈತರು ಎದೆ ಹಿಡಿದುಕೊಂಡಿದ್ದರು. ವಾರದೊಳಗೆ ತಾತ್ಕಾಲಿಕ ತಡೆಗಳನ್ನು ಇಳಿಸಿ ನೀರನ್ನು ನಿಲ್ಲಿಸಿದರು, ಮಳೆರಾಯನೂ ಕೃಪೆಮಾಡಿದ, ಜಲಾಶಯ ಮತ್ತೆ ತುಂಬಿತು. ಹೀಗೆ ಹೋದ ಜೀವ ಮರಳಿ ಬಂದಂತೆ ಬಂದ ಬೆಳೆ ಅದು. ಅದನ್ನು ಹೊರಬೇಕಾದ ನನ್ನ ಸೋದರಮಾವನ ಲಾರಿ ಆಗಲೇ ಸದ್ದು ಮಾಡಲು ಆರಂಭಿಸಿತು.

ಮಾವನ ಲಾರಿಗೆ ಮೂವತ್ತರ ಆಸುಪಾಸಿನ ವಯಸ್ಸು. ಆರು ಸಿಲಿಂಡರುಗಳ ಹಳೆಯ ಡೀಸೆಲ್ ಇಂಜಿನು. ಅದರ ಬಣ್ಣ ಎಷ್ಟು ಸಲ ಬದಲಾಗಿದೆಯೆಂದು ಅವರಿಗೂ ನೆನಪಿಲ್ಲ. ಆ ಲಾರಿಯಿಂದಲೇ ಅವರು ಮನೆ ಕಟ್ಟಿಸಿದ್ದು, ಹಿರಿಯ ಮಗಳ ಮದುವೆ ಮಾಡಿದ್ದು. ಕಿರಿಯ ಮಗಳು ನರ್ಸಿಂಗ್ ಓದುತ್ತಿರುವುದೂ ಅದೇ ಲಾರಿಯ ಬಾಡಿಗೆಯಿಂದ. ಇಂಥ ಲಾರಿ ಒಂದು ಬೆಳಗ್ಗೆ 'ಟಿಕ್ ಟಿಕ್' ಎನ್ನತೊಡಗಿತು. ಊರಿನ ಒಂದು ಗ್ಯಾರೇಜಿಗೆ ಒಯ್ದರು. ಅಲ್ಲಿಯವನು ಬಾನೆಟ್ಟನ್ನು ಎತ್ತಿ, ಎರಡು ನಿಮಿಷ ಕೇಳಿ, ಕೈ ಒರೆಸಿಕೊಂಡು ತೀರ್ಪು ಕೊಟ್ಟ: ಇಂಜಿನು ಮುಗಿದಿದೆ, ಪೂರ್ತಿ ಬಿಚ್ಚಬೇಕು, ಬೋರು ಮಾಡಿಸಬೇಕು, ಕ್ರ್ಯಾಂಕು ಕಡೆಸಬೇಕು. ಲಕ್ಷದ ಮೇಲಿನ ಮಾತು.

ಅಂದು ರಾತ್ರಿ ಮಾವ ನನಗೆ ಫೋನು ಮಾಡಿದರು. "ಅಳಿಯಾ, ಬ್ಯಾಂಕಿನಾಗ ಸಾಲ ಕೇಳೀನಿ. ಜಾಮೀನಿಗೆ ಒಬ್ಬ ಪಗಾರದ ಮನಷ್ಯಾ ಬೇಕಂತ. ನೀ ಬಂದು ಒಂದು ಸಹಿ ಹಾಕಬೇಕಲ್ಲೋ" ಎಂದರು. ಎಂದೂ ಯಾರಲ್ಲಿಯೂ ಕೈಚಾಚದ ಮನುಷ್ಯ. ಅವರ ದನಿ ಕುಗ್ಗಿದ್ದನ್ನು ನಾನು ಅಂದೇ ಮೊದಲು ಕೇಳಿದುದು. ಸಹಿ ಹಾಕಲು ಒಪ್ಪಿದೆ. ಆದರೆ ಹಾಕುವ ಮೊದಲು ಇನ್ನೊಬ್ಬರಿಂದ ತೋರಿಸಿದರೆ ಹೇಗೆ ಎಂದೆ. ರೋಗಿಗಾದರೆ ಇಬ್ಬರು ವೈದ್ಯರ ಅಭಿಪ್ರಾಯ ಕೇಳುವುದಿಲ್ಲವೆ?

ನನ್ನ ವಿದ್ಯಾರ್ಥಿಯೊಬ್ಬನ ತಂದೆ ಕುಷ್ಟಗಿಯ ಹಿರಿಯ ಮಿಸ್ತ್ರಿಯೊಬ್ಬರ ಹೆಸರು ಹೇಳಿದ್ದರು. ಹೆದ್ದಾರಿಯ ಮಗ್ಗುಲಲ್ಲಿ ನಲವತ್ತು ವರ್ಷ ಲಾರಿಗಳನ್ನು ರಿಪೇರಿ ಮಾಡಿ, ಈಗ ಗ್ಯಾರೇಜನ್ನು ಮಗನಿಗೆ ಬಿಟ್ಟವರು. ಲಾರಿಯನ್ನು ಕುಷ್ಟಗಿಗೆ ತರುತ್ತೇವೆಂದು ಹೇಳಿದಾಗ ಅವರು ಕೂಡಲೇ ತಡೆದರು. "ಬ್ಯಾಡ್ರಿ. ರೋಗ ಯಾವುದಂತ ಗೊತ್ತಾಗೂ ತನಕ ಗಾಡಿ ಓಡಿಸಬಾರದು. ನಾನs ಬರ್ತೀನಿ" ಎಂದರು. ಭಾನುವಾರ ಬೆಳಗ್ಗೆ ಕನಕಗಿರಿಯ ಮೇಲಿನಿಂದ ಬರುವ ಬಸ್ಸಿನಲ್ಲಿ, ಕೈಯಲ್ಲೊಂದು ಬಟ್ಟೆಯ ಚೀಲ ಹಿಡಿದು ಬಂದಿಳಿದರು.

ಕೂದಲೆಳೆಯಷ್ಟು ಎಡೆ

ಮಿಸ್ತ್ರಿ ಏನು ಮಾಡಿದರೆಂಬುದನ್ನು ಹೇಳುವ ಮೊದಲು, ಇಂಜಿನಿನ ಒಡಲಲ್ಲಿ ಎಣ್ಣೆಯ ಪಾತ್ರವೇನೆಂಬುದನ್ನು ಓದುಗರ ಮುಂದಿಡುವುದು ಅವಶ್ಯ.

ಹೊಲಿಗೆಯ ಯಂತ್ರಕ್ಕೆ ನಾಲ್ಕು ಹನಿ ಎಣ್ಣೆ ಬಿಟ್ಟರೆ ತಿಂಗಳುಗಟ್ಟಲೆ ನಡೆಯುತ್ತದೆ. ಲಾರಿಯ ಇಂಜಿನಿನ ಸ್ಥಿತಿ ಹಾಗಲ್ಲ. ಅದರೊಳಗೆ ಕ್ರ್ಯಾಂಕೆಂಬ ಉಕ್ಕಿನ ದಂಡ ನಿಮಿಷಕ್ಕೆ ಸಾವಿರ, ಎರಡು ಸಾವಿರ ಸಲ ತಿರುಗುತ್ತಿರುತ್ತದೆ. ಪಿಸ್ಟನ್ನುಗಳು ಅದನ್ನು ಒಂದೇಸಮನೆ ಗುದ್ದುತ್ತಿರುತ್ತವೆ. ಇಷ್ಟೆಲ್ಲ ಹೊಡೆತ ತಿನ್ನುವ ಆ ದಂಡವು ಬೇರಿಂಗಿನ ಲೋಹವನ್ನು ಮುಟ್ಟಕೂಡದು. ಇವೆರಡರ ನಡುವೆ ಇರುವ ಎಡೆ ಮಿಲಿಮೀಟರಿನ ಹತ್ತನೆಯ ಒಂದು ಭಾಗಕ್ಕಿಂತಲೂ ಕಡಿಮೆ. ಕೊಪ್ಪಳಕ್ಕೆ ಅಂಟಿಕೊಂಡೇ ಇರುವ ಭಾಗ್ಯನಗರವು ತಲೆಗೂದಲನ್ನು ಶುಚಿಮಾಡಿ, ಬೇರ್ಪಡಿಸಿ ಕಳುಹಿಸುವ ಕಸುಬಿಗೆ ಹೆಸರಾದ ಊರು. ಅಲ್ಲಿಯ ಒಂದೇ ಒಂದು ಕೂದಲೆಳೆಯನ್ನು ತಂದು ಆ ಎಡೆಯಲ್ಲಿ ಇಟ್ಟರೆ ಎಡೆ ಹೆಚ್ಚುಕಡಿಮೆ ತುಂಬಿಯೇ ಹೋಗುತ್ತದೆ! ಟನ್ನುಗಟ್ಟಲೆ ಭತ್ತದ ಭಾರವೆಲ್ಲ ಕೊನೆಗೆ ನಿಂತಿರುವುದು ಆ ಕೂದಲೆಳೆಯಷ್ಟು ಎಣ್ಣೆಯ ಪದರದ ಮೇಲೆ.

ಎಣ್ಣೆಗೆ ಈ ಶಕ್ತಿ ಎಲ್ಲಿಂದ ಬರುತ್ತದೆ? ಇದು ತಿಳಿದುಬಂದ ಕಥೆಯೂ ಸ್ವಾರಸ್ಯವಾದುದೇ. ಇಂಗ್ಲೆಂಡಿನಲ್ಲಿ ಬೀಚಮ್ ಟವರ್ ಎಂಬ ಇಂಜಿನಿಯರನು ರೈಲುಗಾಡಿಯ ಅಚ್ಚಿನ ಬೇರಿಂಗುಗಳನ್ನು ಪರೀಕ್ಷಿಸುತ್ತಿದ್ದ. ತನ್ನ ಪರೀಕ್ಷೆಗಳ ಫಲವನ್ನು 1883ರಲ್ಲಿ ಪ್ರಕಟಿಸಿದ. ಎಣ್ಣೆ ಬಿಡಲೆಂದು ಬೇರಿಂಗಿನ ನೆತ್ತಿಯಲ್ಲಿ ಆತ ಒಂದು ತೂತು ಕೊರೆಸಿದ್ದ. ಅಚ್ಚು ತಿರುಗತೊಡಗಿದೊಡನೆ ಎಣ್ಣೆ ಒಳಕ್ಕೆ ಹೋಗುವ ಬದಲು ಆ ತೂತಿನಿಂದ ಮೇಲಕ್ಕೆ ಉಕ್ಕಿತು. ಬಿರಡೆ ಹಾಕಿದ, ಬಿರಡೆ ಹೊರಬಿದ್ದಿತು. ಮರದ ಬೆಣೆ ಬಡಿದ. ಅದೂ ಎದ್ದು ಬಂದಿತು. ಕೊನೆಗೆ ಆ ತೂತಿಗೆ ಒತ್ತಡ ಅಳೆಯುವ ಗೇಜನ್ನು ಕೂರಿಸಿದಾಗ, ಬೇರಿಂಗಿನ ಮೇಲೆ ಹೇರಿದ್ದ ಸರಾಸರಿ ಭಾರಕ್ಕಿಂತ ಎರಡು ಪಟ್ಟು ಹೆಚ್ಚಿನ ಒತ್ತಡವನ್ನು ಅದು ತೋರಿಸಿತು. ತಿರುಗುವ ದಂಡ ತಾನೇ ಎಣ್ಣೆಯನ್ನು ತನ್ನಡಿಗೆ ಎಳೆದುಕೊಂಡು, ಬೆಣೆಯಂತೆ ಹೊಗಿಸಿ, ಅದರ ಮೇಲೆ ತೇಲುತ್ತದೆಯೆಂಬ ರಹಸ್ಯ ಹೀಗೆ ಬಯಲಾಯಿತು. ಮೂರು ವರ್ಷಗಳ ಬಳಿಕ, 1886ರಲ್ಲಿ, ಮ್ಯಾಂಚೆಸ್ಟರಿನ ಪ್ರಾಧ್ಯಾಪಕ ಆಸ್ಬರ್ನ್ ರೆನಾಲ್ಡ್ಸ್ ಇದಕ್ಕೆ ಗಣಿತದ ಆಧಾರ ಒದಗಿಸಿದ.

ಎಂದಮೇಲೆ ಇಂಜಿನಿನ ಆಯಿಲ್ ಪಂಪಿನ ಕೆಲಸವೇನು? ಬೇರಿಂಗುಗಳಿಗೆ ಎಣ್ಣೆಯನ್ನು ತಪ್ಪದೆ ಒದಗಿಸುತ್ತಿರುವುದು. ಪಂಪು ಎಣ್ಣೆಯನ್ನು ತಳ್ಳುತ್ತದೆ. ಕಿರಿದಾದ ಎಡೆಗಳು ಅದನ್ನು ತಡೆಯುತ್ತವೆ. ತಳ್ಳುವಿಕೆ ಮತ್ತು ತಡೆಗಳ ಜಗ್ಗಾಟದಿಂದ ಹುಟ್ಟುವುದೇ ಒತ್ತಡ. ಬಚ್ಚಲಿನ ನಲ್ಲಿಯನ್ನೇ ನೋಡಿ. ಮನೆಯಲ್ಲಿ ಒಂದೇ ನಲ್ಲಿ ತೆರೆದಿದ್ದರೆ ನೀರು ರಭಸದಿಂದ ಬೀಳುತ್ತದೆ. ನಾಲ್ಕನ್ನೂ ತೆರೆದರೆ ಸೊರಗುತ್ತದೆ. ಹಾಗೆಯೇ ಬೇರಿಂಗುಗಳು ಸವೆದು ಎಡೆ ಹಿಗ್ಗಿದರೆ ಒತ್ತಡ ಇಳಿಯುತ್ತದೆ. ಪಂಪು ಸವೆದರೂ ಇಳಿಯುತ್ತದೆ. ಎಣ್ಣೆ ಎಳೆಯುವ ಜಾಲರಿ ಕಸ ಕಟ್ಟಿಕೊಂಡರೂ ಇಳಿಯುತ್ತದೆ. ಎಣ್ಣೆಯೇ ನೀರಾಗಿದ್ದರೆ? ಆಗಲೂ ಇಳಿಯುತ್ತದೆ. ಈ ಕೊನೆಯ ಮಾತನ್ನು ಓದುಗರು ನೆನಪಿನಲ್ಲಿಟ್ಟುಕೊಂಡಿರಬೇಕೆಂದು ಬೇಡುತ್ತೇನೆ.

ಮೊದಲು ಕಡ್ಡಿ, ಆಮೇಲೆ ಕಿವಿ

ಮಿಸ್ತ್ರಿ ಬಂದವರೇ ಇಂಜಿನನ್ನು ಚಾಲೂ ಮಾಡಿಸುತ್ತಾರೆಂದು ನಾವೆಲ್ಲ ಕಾದಿದ್ದೆವು. ಅವರು ಚಹ ಕುಡಿದು, ತಣ್ಣಗೆ ನಿಂತಿದ್ದ ಲಾರಿಯ ಸುತ್ತ ಒಂದು ಪ್ರದಕ್ಷಿಣೆ ಹಾಕಿದರು. ನೆಲ ಸಮವಾಗಿದೆಯೇ ಎಂದು ನೋಡಿದರು. ಬಳಿಕ ಎಣ್ಣೆ ಅಳೆಯುವ ಕಡ್ಡಿಯನ್ನು ಹೊರಗೆಳೆದು, ಒರೆಸಿ, ಮತ್ತೆ ಅದ್ದಿ ತೆಗೆದರು.

"ಎಣ್ಣಿ ಎಷ್ಟು ದಿವಸಕ್ಕ ಹಾಕ್ತೀರಿ ಸಾವ್ಕಾರ್ರ?"

"ಮೊದಲ ವಾರಕ್ಕ ಒಂದ್ ಲೀಟರ್ ಕುಡೀತಿತ್ತು ಮಿಸ್ತ್ರಿ. ಈಗ ಎರಡು ತಿಂಗಳಾತು, ಒಂದು ಹನಿ ಕೇಳಿಲ್ಲ ನೋಡ್ರಿ!" ಎಂದರು ಮಾವ, ಇದ್ದ ಒಂದೇ ಸಂತೋಷದ ಸುದ್ದಿಯನ್ನು ಹೇಳುವವರಂತೆ.

ಮಿಸ್ತ್ರಿ ಮಾತನಾಡಲಿಲ್ಲ. ಕಡ್ಡಿಯ ತುದಿಯನ್ನು ಮೂಸಿ, ಒಂದು ಹನಿಯನ್ನು ಹೆಬ್ಬೆರಳು ತೋರುಬೆರಳುಗಳ ನಡುವೆ ತಿಕ್ಕಿ, ಇನ್ನೊಂದು ಹನಿಯನ್ನು ನನ್ನ ಜೇಬಿನಲ್ಲಿದ್ದ ಕಾಗದದ ಚೂರಿನ ಮೇಲೆ ಬಿಟ್ಟು ಬಿಸಿಲಿಗೆ ಇಟ್ಟರು. "ಇರಲಿ, ಈಗ ಚಾಲೂ ಮಾಡ್ರಿ" ಎಂದರು.

ಇಂಜಿನು ಎದ್ದಿತು. ಮಿಸ್ತ್ರಿ ಹೆಗಲ ಮೇಲಿನ ಟವೆಲ್ಲನ್ನು ತೆಗೆದಿಟ್ಟರು. ತಿರುಗುವ ಫ್ಯಾನಿನ ಬಳಿ ಜೋಲುವ ಬಟ್ಟೆ ಸಲ್ಲದು. ಚೀಲದಿಂದ ಮೊಳದುದ್ದದ ಒಂದು ಕಬ್ಬಿಣದ ಸರಳನ್ನು ತೆಗೆದು, ಒಂದು ತುದಿಯನ್ನು ಇಂಜಿನಿನ ಮೈಗೂ ಇನ್ನೊಂದು ತುದಿಯನ್ನು ಹೆಬ್ಬೆರಳಿನ ಮೇಲಿಟ್ಟು ಕಿವಿಗೂ ಒತ್ತಿದರು. 1816ರಲ್ಲಿ ಪ್ಯಾರಿಸ್ಸಿನ ವೈದ್ಯ ಲೆನೆಕ್ ಕಾಗದವನ್ನು ಸುರುಳಿ ಸುತ್ತಿ ರೋಗಿಯ ಎದೆಗಿಟ್ಟು ಆಲಿಸಿದನಷ್ಟೆ. ಇಂದು ಎಲ್ಲ ವೈದ್ಯರ ಕೊರಳಲ್ಲಿ ತೂಗುವ ಸ್ಟೆತಾಸ್ಕೋಪಿನ ಮೂಲ ಅದು. ನಮ್ಮ ಮಿಸ್ತ್ರಿಯ ಸರಳೂ ಅದೇ ಜಾತಿಯದು. ಬರಿಯ ಕಿವಿಗೆ ಇಡೀ ಇಂಜಿನಿನ ಗದ್ದಲವೆಲ್ಲ ಒಟ್ಟಾಗಿ ಕೇಳುತ್ತದೆ. ಸರಳು ಮುಟ್ಟಿದ ಜಾಗದ ಸದ್ದನ್ನು ಮಾತ್ರ ಹೆಕ್ಕಿ ಕೊಡುತ್ತದೆ.

ಅಂದು ಮಿಸ್ತ್ರಿ ನನಗೆ ಹೇಳಿಕೊಟ್ಟ ಸದ್ದುಗಳ ಪಾಠವನ್ನು, ನನ್ನ ತರಗತಿಯ ಪಾಠಕ್ಕಿಂತ ಹೆಚ್ಚು ಶ್ರದ್ಧೆಯಿಂದ ಬರೆದುಕೊಂಡಿದ್ದೇನೆ.

ಮೊದಲನೆಯದು 'ಟಿಕಟಿಕ'. ಹಗುರವಾದ, ಒಣಗಿದ ಸದ್ದು. ಹುಟ್ಟುವುದು ಇಂಜಿನಿನ ನೆತ್ತಿಯಲ್ಲಿ. ಗಾಳಿಯನ್ನು ಒಳಬಿಡುವ ಮತ್ತು ಹೊಗೆಯನ್ನು ಹೊರಹಾಕುವ ವಾಲ್ವುಗಳನ್ನು ಒತ್ತುವ ಟ್ಯಾಪೆಟ್ಟುಗಳು ಸಡಿಲವಾದರೆ ಹೀಗಾಗುತ್ತದೆ. ಕ್ರ್ಯಾಂಕು ಎರಡು ಸುತ್ತು ತಿರುಗಿದಾಗ ಒಂದು ವಾಲ್ವು ಒಂದು ಸಲ ತೆರೆಯುತ್ತದೆ. ಇಂಜಿನು ನಿಮಿಷಕ್ಕೆ 600 ಸುತ್ತಿನಲ್ಲಿ ನಿಂತು ಓಡುತ್ತಿದ್ದರೆ, ಒಂದು ಸಡಿಲ ಟ್ಯಾಪೆಟ್ಟು ನಿಮಿಷಕ್ಕೆ 300 ಸಲ, ಎಂದರೆ ಸೆಕೆಂಡಿಗೆ ಐದು ಸಲ ಬಡಿಯುತ್ತದೆ. ಪಳಗಿದ ಕಿವಿಗೆ ಈ ಅರ್ಧ ಲಯ ಸಿಕ್ಕಿಬಿಡುತ್ತದೆ.

ಎರಡನೆಯದು 'ಚಿಟಚಿಟ', ಕೆಲವೊಮ್ಮೆ 'ಚುಸ್ ಚುಸ್'. ಹೊಗೆಯ ಕೊಳವೆ ಇಂಜಿನಿಗೆ ಕೂಡುವಲ್ಲಿ ಗ್ಯಾಸ್ಕೆಟ್ಟು ಒಡೆದಿದ್ದರೆ ಬರುವ ಸದ್ದು. ಇದು ಟ್ಯಾಪೆಟ್ಟಿನ ಸದ್ದೆಂದು ಎಷ್ಟೋ ಜನ ಮೋಸಹೋಗುವುದುಂಟು. ಗುರುತೇನೆಂದರೆ, ಇಂಜಿನು ತಣ್ಣಗಿದ್ದಾಗ ಜೋರಾಗಿರುತ್ತದೆ. ಬಿಸಿಯೇರಿ ಲೋಹ ಹಿಗ್ಗಿದಂತೆ ತಗ್ಗುತ್ತದೆ. ಕೂಡುವ ಜಾಗದಲ್ಲಿ ಮಸಿಯ ಗೆರೆಯೂ ಕಾಣುತ್ತದೆ.

ಮೂರನೆಯದು 'ಕಟಕಟ'. ಡೀಸೆಲ್ಲನ್ನು ಚಿಮುಕಿಸುವ ನಾಜಲ್ಲು ಕೆಟ್ಟಾಗ ಬರುವ ಗಡುಸಾದ ಸದ್ದು. ಆಯಾ ಸಿಲಿಂಡರಿಗೆ ಹೋಗುವ ಡೀಸೆಲ್ ನಳಿಕೆಯ ನಟ್ಟನ್ನು ತುಸು ಸಡಿಲಿಸಿದರೆ ಆ ಸಿಲಿಂಡರು ಸುಮ್ಮನಾಗುತ್ತದೆ. ಸದ್ದೂ ನಿಂತರೆ ಕಳ್ಳ ಅಲ್ಲಿಯೇ ಇದ್ದಾನೆಂದು ಅರ್ಥ. ಇದನ್ನು ಓದಿದವರು ತಾವಾಗಿ ಮಾಡಹೋಗಬಾರದು. ಆ ಒತ್ತಡದಲ್ಲಿ ಚಿಮ್ಮುವ ಡೀಸೆಲ್ಲು ಚರ್ಮವನ್ನು ಸೂಜಿಯಂತೆ ತೂರಿಹೋಗುತ್ತದೆ.

ನಾಲ್ಕನೆಯದು 'ಧಡ್ ಧಡ್'. ಕೇಳಬಾರದ ಸದ್ದು ಇದು. ಇಂಜಿನಿನ ಹೊಟ್ಟೆಯಿಂದ, ಯಾರೋ ಒಳಗಿನಿಂದ ಸುತ್ತಿಗೆಯಲ್ಲಿ ಗುದ್ದಿದಂತೆ, ಕ್ರ್ಯಾಂಕಿನ ಒಂದೊಂದು ಸುತ್ತಿಗೂ ಒಂದೊಂದು ಪೆಟ್ಟು. ಭಾರ ಹೇರಿದಾಗ ಹೆಚ್ಚು. ಇಂಜಿನು ಕಾದು ಎಣ್ಣೆ ತೆಳುವಾದಾಗ ಇನ್ನೂ ಹೆಚ್ಚು. ಕನೆಕ್ಟಿಂಗ್ ರಾಡಿನ ಬೇರಿಂಗು ಸವೆದುಹೋಗಿದೆಯೆಂಬ ಸಾರು ಅದು.

ಸುಳ್ಳು ಹೇಳುವ ಮುಳ್ಳು

ಆರು ಸಿಲಿಂಡರುಗಳ ನೆತ್ತಿಯ ಮೇಲೂ ಸರಳನ್ನು ಸರಿಸುತ್ತ ಬಂದ ಮಿಸ್ತ್ರಿ ನಾಲ್ಕನೆಯದರ ಬಳಿ ನಿಂತರು. ಕೆಳಗಡೆ ಚೇಂಬರಿನ ಮಗ್ಗುಲಿಗೆ ಇಟ್ಟು ಕೇಳಿದರು. ಮತ್ತೆ ಮೇಲಕ್ಕೆ ಬಂದರು. "ಸದ್ದು ಟ್ಯಾಪೆಟ್ಟಿಂದು. ಕೆಳಗ ಗುದ್ದು ಇಲ್ಲ" ಎಂದರು. ಮಾವನ ಮುಖ ಅರಳಿತು. ಟ್ಯಾಪೆಟ್ಟು ಕಟ್ಟುವುದೆಂದರೆ ಅರ್ಧ ದಿನದ ಕೂಲಿ! ನಾನೂ ಜಾಮೀನಿನ ಸಹಿ ತಪ್ಪಿತೆಂದು ಒಳಗೊಳಗೇ ಹಿಗ್ಗಿದೆ.

ಆದರೆ ಮಿಸ್ತ್ರಿ ಸರಳನ್ನು ಚೀಲಕ್ಕೆ ಹಾಕಲಿಲ್ಲ. ಡ್ರೈವರನ ಮುಂದಿದ್ದ ಎಣ್ಣೆಯ ಗೇಜನ್ನು ನೋಡಿದರು. ಮುಳ್ಳು ನಡುಮಧ್ಯೆ ನೆಟ್ಟಗೆ ನಿಂತಿತ್ತು. ಇಂಜಿನನ್ನು ಬಂದುಮಾಡಿಸಿದರು. ಮುಳ್ಳು ಆಗಲೂ ಅಲ್ಲಿಯೇ ನಿಂತಿತ್ತು!

"ನೋಡ್ರಿ ಮಾಸ್ತರ್ರ," ಎಂದು ನನ್ನ ಕಡೆ ತಿರುಗಿ ನಕ್ಕರು. "ಕಿವೀನೂ ಸುಳ್ಳು ಹೇಳ್ತೈತಿ, ಗೇಜೂ ಸುಳ್ಳು ಹೇಳ್ತೈತಿ. ಆದ್ರ ಎರಡೂ ಕೂಡಿ ಒಂದs ಸುಳ್ಳು ಹೇಳೂದಿಲ್ಲ. ಅದಕ್ಕ ಇಬ್ಬರದೂ ಸಾಕ್ಷಿ ತಗೋಬೇಕು."

ಚೀಲದಿಂದ ತಮ್ಮದೇ ಆದ ಒಂದು ಹಿತ್ತಾಳೆಯ ಗೇಜನ್ನು ತೆಗೆದರು. ಇದರ ಒಳಗಿರುವ ಉಪಾಯ ಫ್ರಾನ್ಸಿನ ಯೂಜೀನ್ ಬೂರ್ಡನ್ 1849ರಲ್ಲಿ ಕಂಡುಹಿಡಿದದ್ದು. ಜಾತ್ರೆಯಲ್ಲಿ ಮಕ್ಕಳು ಕೊಳ್ಳುವ, ಊದಿದರೆ ಸುರುಳಿ ಬಿಚ್ಚಿಕೊಳ್ಳುವ ಕಾಗದದ ಪೀಪಿಯನ್ನು ಎಲ್ಲರೂ ಕಂಡಿದ್ದೇವೆ. ಗೇಜಿನೊಳಗೂ ಅಂಥದೇ ಬಾಗಿದ ಚಪ್ಪಟೆ ಕೊಳವೆಯಿದೆ. ಒತ್ತಡ ಹೊಕ್ಕರೆ ತುಸು ನೇರವಾಗುತ್ತದೆ. ಆ ಚಲನೆಯೇ ಮುಳ್ಳನ್ನು ತಿರುಗಿಸುತ್ತದೆ. ಮಿಸ್ತ್ರಿ ಇಂಜಿನಿನ ಮೈಯಲ್ಲಿದ್ದ ಎಣ್ಣೆಯ ದಾರಿಯ ಒಂದು ತಿರುಪನ್ನು ಬಿಚ್ಚಿ ಅಲ್ಲಿಗೆ ಈ ಗೇಜನ್ನು ಕೂರಿಸಿ, ಇಂಜಿನನ್ನು ಚಾಲೂ ಮಾಡಿಸಿದರು.

ಇಂಜಿನು ಇನ್ನೂ ಪೂರ್ತಿ ಕಾಯದಿದ್ದಾಗ ಮುಳ್ಳು ಮೂರು ಕೇಜಿಯ ಮೇಲೆ ನಿಂತಿತು. ಕೇಜಿಯೆಂದರೆ ಒಂದು ಚದರ ಸೆಂಟಿಮೀಟರಿನ ಮೇಲೆ ಒಂದು ಕಿಲೋಗ್ರಾಮಿನ ಒತ್ತಡ. ಹಳೆಯ ಇಂಗ್ಲಿಷ್ ಲೆಕ್ಕದಲ್ಲಿ 14 ಪೌಂಡಿಗೆ ತುಸು ಹೆಚ್ಚು. "ಇದನ್ನ ನೋಡಿ ಮೋಸ ಹೋಗಬಾರದು, ತಣ್ಣನ್ನ ಎಣ್ಣಿ ಯಾವಾಗೂ ಒಳ್ಳೆ ಮಾತು ಹೇಳ್ತೈತಿ" ಎಂದು ಮಿಸ್ತ್ರಿ ಬೀಡಿ ಹಚ್ಚಿದರು. ಅರ್ಧ ಗಂಟೆ ಕಳೆಯಿತು. ಇಂಜಿನು ಕಾಯುತ್ತ ಬಂದಂತೆ ಮುಳ್ಳು ಇಳಿಯುತ್ತ ಬಂದಿತು. ಎರಡು. ಒಂದೂವರೆ. ಒಂದು. ಕೊನೆಗೆ ನಿಧಾನದ ಓಟದಲ್ಲಿ ಅರ್ಧ ಕೇಜಿಗೂ ಕೆಳಗೆ ಬಂದು ನಡುಗತೊಡಗಿತು. ಸಾವಿರ ಸುತ್ತಿಗೆ ಹತ್ತು ಪೌಂಡಾದರೂ ಇರಬೇಕೆಂಬುದು ಮೆಕ್ಯಾನಿಕ್ಕರಲ್ಲಿ ಬಳಕೆಯಲ್ಲಿರುವ ಸ್ಥೂಲವಾದ ಲೆಕ್ಕ. ವೇಗ ಏರಿಸಿದಾಗಲೂ ಮುಳ್ಳು ಆ ಮಟ್ಟವನ್ನು ಮುಟ್ಟಲಿಲ್ಲ.

ಮಾವ ಲಾರಿಯ ಚಕ್ರದ ಮೇಲೆ ಕೈಯಿಟ್ಟು ನಿಂತರು. ಮೊದಲಿನ ಗ್ಯಾರೇಜಿನವನ ಮಾತು ನಿಜವಾಯಿತೇ?

ಸದ್ದಿಲ್ಲದ ಕಳ್ಳ

ಆಗ ಮಿಸ್ತ್ರಿ ಬಿಸಿಲಿಗಿಟ್ಟಿದ್ದ ಕಾಗದದ ಚೂರನ್ನು ತಂದು ತೋರಿಸಿದರು. ನಡುವೆ ಕಪ್ಪು ಬೊಟ್ಟು. ಅದರ ಸುತ್ತ ಅಗಲವಾಗಿ ಹರಡಿದ, ಬೆಳಕು ತೂರುವಂಥ ತೆಳುವಾದ ಒಂದು ವರ್ತುಲ. "ಇದು ಎಣ್ಣಿ ಅಲ್ರಿ, ಡೀಸೆಲ್ಲು" ಎಂದರು.

ಹಳೆಯ ಲಾರಿಗಳ ಡೀಸೆಲ್ ಪಂಪು ತನ್ನ ಒಳಗಿನ ಚಲನೆಗೆ ಇಂಜಿನಿನ ಎಣ್ಣೆಯನ್ನೇ ಪಡೆಯುವುದುಂಟು. ಕಾಲಕ್ರಮದಲ್ಲಿ ಪಂಪಿನ ಒಳಭಾಗಗಳು ಸವೆದರೆ ಡೀಸೆಲ್ಲು ಹನಿಹನಿಯಾಗಿ ಆ ದಾರಿ ಹಿಡಿದು ಚೇಂಬರಿಗೆ ಇಳಿಯುತ್ತದೆ. ಮಾವನ ಲಾರಿಯಲ್ಲಿ ಆದದ್ದು ಇದೇ. ವಾರಕ್ಕೆ ಒಂದು ಲೀಟರು ಎಣ್ಣೆ ಉರಿದುಹೋಗುವುದು ಎಂದಿನಂತೆ ನಡೆದೇ ಇತ್ತು. ಆ ಜಾಗವನ್ನು ಡೀಸೆಲ್ಲು ತುಂಬುತ್ತಿತ್ತು. ಕಡ್ಡಿ ಮಾತ್ರ 'ತುಂಬಿದೆ, ತುಂಬಿದೆ' ಎನ್ನುತ್ತಿತ್ತು. ಲಾರಿ ಎಣ್ಣೆ ಕುಡಿಯುವ ಚಟ ಬಿಟ್ಟಿತೆಂದು ನಾವು ಸಂತೋಷಪಟ್ಟ ಎರಡು ತಿಂಗಳೂ ಅದರ ರಕ್ತ ನೀರಾಗುತ್ತಿತ್ತು!

ಈಗ ಓದುಗರೇ ಯೋಚಿಸಿ ನೋಡಬೇಕು. ಸದ್ದನ್ನು ಮಾತ್ರ ನಂಬಿ ಟ್ಯಾಪೆಟ್ಟು ಕಟ್ಟಿಸಿ ಕಳುಹಿಸಿದ್ದರೆ, ಲಾರಿ ಮೌನವಾಗಿ ಓಡಿ, ಯಾವುದೋ ಏರಿನಲ್ಲಿ ಬೇರಿಂಗನ್ನು ಸುಟ್ಟುಕೊಳ್ಳುತ್ತಿತ್ತು. ಮೊದಲಿನವನ ಮಾತು ಕೇಳಿ ಲಕ್ಷ ರೂಪಾಯಿಯ ಸಾಲದಲ್ಲಿ ಇಂಜಿನನ್ನು ಹೊಸದು ಮಾಡಿಸಿ, ಡೀಸೆಲ್ ಪಂಪನ್ನು ಹಾಗೆಯೇ ಬಿಟ್ಟಿದ್ದರೆ, ಅದೇ ಡೀಸೆಲ್ಲು ಹೊಸ ಬೇರಿಂಗುಗಳನ್ನೂ ತಿನ್ನುತ್ತಿತ್ತು. ಕೆಲವರು ಹೇಳುವಂತೆ ಇನ್ನಷ್ಟು ದಪ್ಪವಾದ ಎಣ್ಣೆ ಸುರಿದಿದ್ದರೆ ಮುಳ್ಳೇನೋ ಕೆಲವು ದಿನ ಮೇಲೇರುತ್ತಿತ್ತು. ಜ್ವರದವನಿಗೆ ಕಂಬಳಿ ಹೊದಿಸಿ ನಡುಕ ನಿಲ್ಲಿಸಿದಂತೆ. ಕೂಗಿಕೊಂಡ ಟ್ಯಾಪೆಟ್ಟು ಬಡಪಾಯಿ. ಮನೆ ದೋಚುತ್ತಿದ್ದವನು ಸದ್ದೇ ಮಾಡಿರಲಿಲ್ಲ. ಆ ಬಡಪಾಯಿಯ ಕೂಗಿನಿಂದಲೇ ಕಳ್ಳ ಸಿಕ್ಕಿಬಿದ್ದುದು.

ಡೀಸೆಲ್ ಪಂಪನ್ನು ಬಿಚ್ಚಿ ಅದನ್ನೇ ಸರಿಮಾಡುವ ಅಂಗಡಿಗೆ ಕಳುಹಿಸಿದರು. ನಮ್ಮ ನಾಡಿನ ಹಳೆಯ ಮೆಕ್ಯಾನಿಕ್ಕರು ಈ ಪಂಪಿನ ಮಾತು ಬಂದರೆ 'ಮೈಕೋ' ಎಂಬ ಹೆಸರೆತ್ತದೆ ಇರುವುದಿಲ್ಲ. 1951ರಲ್ಲಿ ಆರಂಭವಾಗಿ ಬೆಂಗಳೂರಿನ ಆಡುಗೋಡಿಯಲ್ಲಿ ಬೆಳೆದ ಆ ಕಾರ್ಖಾನೆ, 2008ರಲ್ಲಿ ಬಾಷ್ ಎಂದು ಹೆಸರು ಬದಲಿಸಿಕೊಂಡರೂ ಜನರ ಬಾಯಲ್ಲಿ ಮೈಕೋ ಆಗಿಯೇ ಉಳಿದಿದೆ. 1954ರಲ್ಲಿ ಟಾಟಾದವರು ಜರ್ಮನಿಯ ಡೈಮ್ಲರ್-ಬೆಂಜ್ ಸಂಸ್ಥೆಯೊಡನೆ ಕೂಡಿ ಲಾರಿ ಕಟ್ಟಲು ಆರಂಭಿಸಿದಂದಿನಿಂದ ನಮ್ಮ ರಸ್ತೆಗಳ ಮೇಲೆ ಹುಟ್ಟಿ ಬೆಳೆದ ಒಂದು ವೃತ್ತಿಪರಂಪರೆಯ ನೆನಪು ಇಂಥ ಮಾತುಗಳಲ್ಲಿದೆ.

ಪಂಪು ಹೋದತ್ತ, ಮಿಸ್ತ್ರಿ ಚೇಂಬರನ್ನು ಇಳಿಸಿದರು. ಎರಡು ಬೇರಿಂಗುಗಳನ್ನು ಬಿಚ್ಚಿ ಬೆಳಕಿಗೆ ಹಿಡಿದರು. ನಾವು ಉಸಿರು ಬಿಗಿಹಿಡಿದಿದ್ದೆವು. ಮೇಲಿನ ಬಿಳಿಯ ಲೋಹದಲ್ಲಿ ಸಣ್ಣ ಗೀರುಗಳಿದ್ದವು. ಅಡಿಯ ತಾಮ್ರ ಇನ್ನೂ ಕಾಣಿಸಿರಲಿಲ್ಲ. ಕ್ರ್ಯಾಂಕಿನ ಮೈ ನುಣುಪಾಗಿಯೇ ಇತ್ತು. "ಇನ್ನೊಂದು ತಿಂಗಳು ಬಿಟ್ಟಿದ್ರ ಮುಗೀತಿತ್ರಿ" ಎಂದರು ಮಿಸ್ತ್ರಿ. ಚೇಂಬರು ಇಳಿದೇ ಇರುವಾಗ ಬೇರಿಂಗುಗಳನ್ನು ಬದಲಿಸಿಬಿಡುವುದೇ ಜಾಣತನವೆಂದು ಹೊಸವನ್ನು ತರಿಸಿದರು. ಜಾಲರಿ ತೊಳೆದು, ಫಿಲ್ಟರು ಬದಲಿಸಿ, ಇಂಜಿನಿಗೆ ಹೇಳಿದ ದರ್ಜೆಯ ಎಣ್ಣೆಯನ್ನೇ ತುಂಬಿದರು. ಕೊನೆಗೆ ಹನ್ನೆರಡು ಟ್ಯಾಪೆಟ್ಟುಗಳನ್ನೂ ಫೀಲರ್ ಗೇಜೆಂಬ ಕಾಗದದಷ್ಟು ತೆಳುವಾದ ಉಕ್ಕಿನ ಎಲೆಗಳಿಂದ ಅಳೆದು ಕಟ್ಟಿದರು. ನಾಲ್ಕನೆಯ ಸಿಲಿಂಡರಿನ ಹೊಗೆ ವಾಲ್ವಿನ ನಟ್ಟು ಸಡಿಲಿತ್ತು. ಎಲ್ಲ ಸೇರಿ ಆದ ಖರ್ಚು, ಮೊದಲಿನವನು ಹೇಳಿದ್ದರ ಕಾಲು ಭಾಗವನ್ನೂ ಮುಟ್ಟಲಿಲ್ಲ.

ಯಲಬುರ್ಗಿಯ ಒಂದು ನೆನಪು

ಕೆಲಸ ಮಾಡುತ್ತ ಮಿಸ್ತ್ರಿ ಒಂದು ಹಳೆಯ ಸಂಗತಿ ಹೇಳಿದರು. ಯಲಬುರ್ಗಿಯ ಎರೆಹೊಲಗಳ ಕಡೆಯಿಂದ ಕಡಲೆ ಹೇರಿಕೊಂಡು ಬರುತ್ತಿದ್ದ ಒಂದು ಲಾರಿ. ಡ್ರೈವರನಿಗೆ ಕೆಳಗಿನಿಂದ 'ಧಡ್ ಧಡ್' ಕೇಳಿಸಿತ್ತು. ಕೆಂಪು ದೀಪವೂ ಮಿನುಗಿತ್ತು. ಇನ್ನೇನು ಊರು ಬಂದೇ ಬಿಟ್ಟಿತು, ಹತ್ತು ಹದಿನೈದು ಮೈಲು, ನಿಧಾನವಾಗಿ ಹೋದರಾಯಿತೆಂದು ನಡೆಸಿದ. ಅರ್ಧ ದಾರಿಯಲ್ಲಿ ರಾಡು ಮುರಿದು, ಇಂಜಿನಿನ ಮಗ್ಗುಲನ್ನೇ ಒಡೆದು ಹೊರಗೆ ಬಂದಿತು. ಬೇರಿಂಗಿನಲ್ಲಿ ಮುಗಿಯಬಹುದಾದದ್ದು ಇಡೀ ಇಂಜಿನಿಗೆ ಮುಟ್ಟಿತು. ಆ ಲಾರಿಯ ಮಾಲೀಕ ಮತ್ತೆ ಲಾರಿ ಕೊಳ್ಳಲಿಲ್ಲ. "ದೀಪ ಹತ್ತಿದ ಮ್ಯಾಲೆ ಊರು ಎಷ್ಟು ಹತ್ರ ಇದ್ರೂ ದೂರನs" ಎಂದು ಮಿಸ್ತ್ರಿ ಮುಗಿಸಿದರು.

ಪಟ್ಟಣದ ಓದುಗರಿಗೆ ಲಾರಿಯ ಗೊಡವೆ ಏಕೆಂದು ತೋರಬಹುದು. ಮನೆಯ ಮುಂದಿನ ಕಾರಿಗೂ ಇದೇ ನ್ಯಾಯ. ಕಾರಿನಲ್ಲಿ ಗೇಜಿನ ಬದಲು ಎಣ್ಣೆಯ ಹೂಜಿಯ ಚಿತ್ರವುಳ್ಳ ಕೆಂಪು ದೀಪವಿರುತ್ತದೆ. ಬೀಗದ ಕೈ ತಿರುಗಿಸಿದಾಗ ಹತ್ತಿ, ಇಂಜಿನು ಎದ್ದೊಡನೆ ಆರಬೇಕು. ಒತ್ತಡ ಬಹಳ ಇಳಿದ ಮೇಲಷ್ಟೇ ಅದು ಮತ್ತೆ ಹತ್ತುವುದರಿಂದ, ಅದನ್ನು ಎಚ್ಚರಿಕೆಯೆನ್ನುವುದಕ್ಕಿಂತ ಅಪ್ಪಣೆಯೆಂದೇ ತಿಳಿಯಬೇಕು. ಓಡುವಾಗ ಹತ್ತಿತೆಂದರೆ ಮಗ್ಗುಲಿಗೆ ಸರಿದು ಇಂಜಿನನ್ನು ಆರಿಸಿ, ಕೆಲವು ನಿಮಿಷ ಬಿಟ್ಟು ಎಣ್ಣೆಯ ಮಟ್ಟ ನೋಡಬೇಕು. ಮಟ್ಟ ಸರಿಯಿದ್ದೂ ದೀಪ ಆರದಿದ್ದರೆ ಕಾರನ್ನು ಹೊತ್ತುಕೊಂಡೇ ಹೋಗಬೇಕು. ಹೊಸ ಕಾರುಗಳಲ್ಲಿ ಬೆಳಗಿನ ಮೊದಲ ಕೆಲವು ಕ್ಷಣ ಟಿಕಟಿಕ ಎಂದು ಸುಮ್ಮನಾಗುವುದುಂಟು. ರಾತ್ರಿ ಇಳಿದ ಎಣ್ಣೆ ಮೇಲೇರುವ ತನಕದ ಸದ್ದದು, ಅಂಜಬೇಕಾಗಿಲ್ಲ. ಆದರೆ 2020ರಿಂದೀಚೆಗೆ ಬಂದ ಡೀಸೆಲ್ ಕಾರುಗಳನ್ನು ಪೇಟೆಯೊಳಗೇ ಓಡಿಸುವವರು ಎಣ್ಣೆಯ ಕಡ್ಡಿಯ ಮೇಲೆ ಕಣ್ಣಿಡುವುದು ಒಳ್ಳೆಯದು. ಹೊಗೆಯ ಮಸಿಯನ್ನು ಸುಡಲು ಹೆಚ್ಚಿಗೆ ಬಿಡುವ ಡೀಸೆಲ್ಲು ಅವುಗಳಲ್ಲಿಯೂ ಎಣ್ಣೆಗೆ ಸೇರುವುದುಂಟು. ಎಣ್ಣೆ ಕಡಿಮೆಯಾದರೆ ಚಿಂತಿಸಿ. ಹೆಚ್ಚಾದರೆ ಇನ್ನೂ ಹೆಚ್ಚು ಚಿಂತಿಸಿ.

ಆ ಬುಧವಾರ ಸಂಜೆ ಇಂಜಿನು ಮತ್ತೆ ಎದ್ದಿತು. ಕಾದ ಮೇಲೂ ಮಿಸ್ತ್ರಿಯ ಗೇಜು ನಿಧಾನದ ಓಟದಲ್ಲಿ ಒಂದು ಕೇಜಿಯ ಮೇಲೆ, ವೇಗದಲ್ಲಿ ಮೂರರ ಮೇಲೆ ಗಟ್ಟಿಯಾಗಿ ನಿಂತಿತು. ಮಿಸ್ತ್ರಿ ತಮ್ಮ ಗೇಜನ್ನು ಬಿಚ್ಚಿಕೊಂಡು, ಲಾರಿಗೆ ಹೊಸದೊಂದನ್ನು ಕೂರಿಸಿ, ಕೊನೆಯ ಬಸ್ಸಿಗೆ ಹೊರಟರು. ಮಾವ ಅವರ ಚೀಲವನ್ನು ತಾವೇ ಹೊತ್ತು ಬಸ್ ನಿಲ್ದಾಣದ ತನಕ ಹೋದರು.

ನಾನು ಕೊಪ್ಪಳಕ್ಕೆ ಮರಳಿದೆ. ಜಾಮೀನಿನ ಅರ್ಜಿ ಸಹಿ ಕಾಣದೆ ಮೇಜಿನ ಅರೆಯಲ್ಲಿ ಉಳಿಯಿತು. ವಾರದ ಬಳಿಕ ಮಾವ ಫೋನು ಮಾಡಿದರು. ದನಿ ಮೊದಲಿನಂತಾಗಿತ್ತು.

"ಅಳಿಯಾ, ಒಂದು ಸಂತೋಷದ ಸುದ್ದಿ. ಗಾಡಿ ಮತ್ತ ಎಣ್ಣಿ ಕುಡ್ಯಾಕ ಹತ್ತೈತಿ ನೋಡು!"